ಹೊಗೆ ಎತ್ತ ಹೊರಟಿದೆ? ನಾಸಾ ವರ್ಲ್ಡ್‌ವ್ಯೂ ಬಳಸಿ ನೋಡಿದಾಗ

ಮಾರ್ಚ್ ಬಂತೆಂದರೆ ಶಿರಸಿ ಸುತ್ತಲಿನ ಬೆಟ್ಟಗಳಲ್ಲಿ ಎಲ್ಲಾದರೊಂದು ಕಡೆ ದರಕಿಗೆ, ಅಂದರೆ ನೆಲಕ್ಕೆ ಉದುರಿದ ಒಣ ಎಲೆಗಳಿಗೆ, ಬೆಂಕಿ ಬೀಳುತ್ತದೆ. ಅತ್ತೆಗೆ ಉಬ್ಬಸ. ಅವರನ್ನು ಕುಮಟಾದ ಮಗಳ ಮನೆಗೆ ಕಳಿಸಿದರೆ ಸಾಕೇ, ಇಲ್ಲ ಹೊಗೆಯೂ ದೇವಿಮನೆ ಘಟ್ಟ ಇಳಿದು ಅವರಿಗಿಂತ ಮೊದಲೇ ಅಲ್ಲಿ ಕುಳಿತಿರುತ್ತದೆಯೇ ಎಂಬುದು ನಮ್ಮ ಮನೆಯ ಬೇಸಿಗೆಯ ವಾದ. ಉಪಗ್ರಹ ಚಿತ್ರಗಳಿಂದ ಇದನ್ನು ಬಗೆಹರಿಸಬಹುದೆಂದು ನಾಸಾದ ವರ್ಲ್ಡ್‌ವ್ಯೂ ಜಾಲತಾಣ ತೆರೆದೆ. ದುಡ್ಡು ಬೇಡ, ಲಾಗಿನ್ ಕೂಡ ಬೇಡ.

ದೊಡ್ಡ ಬೆಂಕಿಗಳ ಮಟ್ಟಿಗೆ ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. 2023ರ ಜೂನ್ ಮೊದಲ ವಾರಕ್ಕೆ ಹೋಗಿ ದಿನಾಂಕವನ್ನು ಒಂದೊಂದಾಗಿ ಸರಿಸಿ: ಕೆನಡಾದ ಕ್ವಿಬೆಕ್ ಕಾಡುಗಳ ಹೊಗೆ ದಕ್ಷಿಣಕ್ಕೆ ಹೊರಳಿ, 7ರಂದು ನ್ಯೂಯಾರ್ಕಿನ ಆಕಾಶವನ್ನೇ ಕಿತ್ತಳೆಯಾಗಿಸಿದ ದಾರಿ ಕಣ್ಣೆದುರೇ ತೆರೆದುಕೊಳ್ಳುತ್ತದೆ. ಮೋಡ ಅಚ್ಚ ಬಿಳಿ, ಅದಕ್ಕೆ ಅಂಚಿದೆ. ಹೊಗೆ ಬೂದುಗಂದು, ನೀರಿಗೆ ಬಿದ್ದ ಮಸಿಯಂತೆ ಹರಡುತ್ತದೆ. ಒಮ್ಮೆ ಕಣ್ಣು ಪಳಗಿದರೆ ಗೊಂದಲವಿಲ್ಲ. ಚಿತ್ರದಲ್ಲಿ ಕಪ್ಪಗೆ ಕಾಣುವ ಸಮುದ್ರದ ಮೇಲೆ ಇನ್ನೂ ಚೆನ್ನಾಗಿ ಕಾಣುತ್ತದೆ. ಸೂರ್ಯನ ಹೊಳಪು ಬಿದ್ದ ಪಟ್ಟಿಯಲ್ಲಿ ಮಾತ್ರ ಏನೂ ತಿಳಿಯದು.

ನಮ್ಮ ಬೆಟ್ಟಕ್ಕೆ ಬಂದರೆ ಕಥೆಯೇ ಬೇರೆ. ಇಲ್ಲಿನದು ಮರದ ನೆತ್ತಿಗೇರುವ ಬೆಂಕಿಯಲ್ಲ, ನೆಲದಲ್ಲೇ ಹರಿದಾಡುವ ಬೆಂಕಿ. ಹೊಗೆ ತೆಳು, ಮೇಲೆ ಮರಗಳ ಚಪ್ಪರ. ಈ ಚಿತ್ರಗಳನ್ನು ತೆಗೆಯುವ ವಿಯರ್ಸ್ ಉಪಕರಣ ಹೊತ್ತ ಉಪಗ್ರಹಗಳು ಹಗಲಿನಲ್ಲಿ ಹಾಯುವುದು ಮಧ್ಯಾಹ್ನ ಒಂದೂವರೆಯ ಆಸುಪಾಸು. ಆಗ ಕಡಲಗಾಳಿ ಘಟ್ಟದ ಕಡೆಗೆ ಬೀಸುತ್ತಿರುತ್ತದೆ. ಅತ್ತೆಗೆ ಕೆಮ್ಮು ಶುರುವಾಗುವುದು ರಾತ್ರಿ, ಗಾಳಿ ತಿರುಗಿ ಹೊಗೆ ಅಘನಾಶಿನಿ ಕಣಿವೆಗುಂಟ ಇಳಿಯುವಾಗ. ಆ ಹೊತ್ತಿಗೆ ಬಣ್ಣದ ಚಿತ್ರವೇ ಇಲ್ಲ. ಅಮೆರಿಕ ಖಂಡಗಳಿಗೆ ಇದೇ ತಾಣದಲ್ಲಿ ಗೋಸ್ ಉಪಗ್ರಹದ ಚಿತ್ರ ಹತ್ತು ನಿಮಿಷಕ್ಕೊಂದು ಸಿಗುತ್ತದೆ ಎಂಬುದನ್ನು ನೋಡಿ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಇಸ್ರೋದ ಉಪಗ್ರಹ ಮಾಹಿತಿ ತಾಣ ಮಾಸ್ಡ್ಯಾಕ್‌ನಲ್ಲಿ ಇನ್‌ಸ್ಯಾಟ್ ಚಿತ್ರಗಳು ಅರ್ಧ ಗಂಟೆಗೊಮ್ಮೆ ಬರುತ್ತವೆ, ಆದರೆ ಒಂದು ಊರಿನ ಬೆಟ್ಟದ ಹೊಗೆ ಅಷ್ಟು ಎತ್ತರದಿಂದ ಕಾಣುವಂಥದ್ದಲ್ಲ.

ಇನ್ನೊಂದು ಮಾತು: ಚಿತ್ರದಲ್ಲಿ ಕುಮಟಾದ ಮೇಲೆ ಹೊಗೆ ಇದೆ ಎಂದರೆ ಕುಮಟಾದವರು ಅದನ್ನು ಉಸಿರಾಡುತ್ತಿದ್ದಾರೆ ಎಂದಲ್ಲ. ಅದು ಮೂರು ಕಿಲೋಮೀಟರ್ ಮೇಲಿರಬಹುದು, ಅಂಗಳದಲ್ಲೇ ಇರಬಹುದು. ಗಾಳಿಯಲ್ಲಿ ತೇಲುವ ಸಣ್ಣ ಕಣಗಳನ್ನು ತೋರಿಸುವ ಏರೋಸಾಲ್ ಪದರವನ್ನು ಚಿತ್ರದ ಮೇಲೆ ಹಾಕಿದರೂ ಅಷ್ಟೇ, ಅದು ನೆಲದಿಂದ ಮುಗಿಲಿನವರೆಗಿನ ಒಟ್ಟು ಲೆಕ್ಕ.

ಹಾಗಾಗಿ ನಾನು ಹೆಚ್ಚು ಬಳಸುವುದು ಬೆಂಕಿಯ ಕೆಂಪು ಚುಕ್ಕಿಗಳ ಪದರವನ್ನು. ಅದರಲ್ಲಿ ರಾತ್ರಿಯ ಬೆಂಕಿಯೂ ದಾಖಲಾಗುತ್ತದೆ. ಒಂದು ಚುಕ್ಕಿಯೆಂದರೆ ಸುಮಾರು 375 ಮೀಟರ್ ಚೌಕ. ಬೆಂಕಿ ಅದರೊಳಗೆ ಎಲ್ಲಾದರೂ ಇರಬಹುದು. ಚುಕ್ಕಿ ಯಾಣದ ದಿಕ್ಕಿಗೋ ಸಿದ್ದಾಪುರದ ದಿಕ್ಕಿಗೋ ನೋಡಿಕೊಂಡು, ಗಾಳಿಯನ್ನು ನಾವೇ ಅಂದಾಜು ಮಾಡುತ್ತೇವೆ. ಮೊಬೈಲ್ ಪರದೆಯಲ್ಲಿ ಇದು ಇಕ್ಕಟ್ಟು, ಕಂಪ್ಯೂಟರ್ ಇದ್ದರೆ ಒಳ್ಳೆಯದು. ದಿನವೂ ತೆರೆದು ನೋಡಲು ಬೇಸರವಾದರೆ ನಾಸಾದ್ದೇ ಬೆಂಕಿ ಮಾಹಿತಿ ತಾಣ ಫರ್ಮ್ಸ್‌ನಲ್ಲಿ ನಿಮ್ಮ ಸೀಮೆಯನ್ನು ಗುರುತಿಸಿ ಇಮೇಲ್ ಎಚ್ಚರಿಕೆಗೆ ಹೆಸರು ಕೊಡಿ, ಅದೂ ಉಚಿತ.