ಅಪ್ಪನ ಲೆವೆಲ್ ಪುಸ್ತಕಗಳಿಗೆ ಹೊಸ ರಟ್ಟು: ದುರ್ಗದಬೈಲಿನ ಬೈಂಡಿಂಗ್ ಅಂಗಡಿ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. 11 ಪುಸ್ತಕ, ಒಂದಕ್ಕೆ 220 ರೂಪಾಯಿ, ಒಟ್ಟು 2,420. ಹತ್ತು ದಿನ ಅಂದಿದ್ದರು, 26 ದಿನ ಹಿಡಿಯಿತು. ಚೌಕಾಸಿ ನಡೆಯಲ್ಲ. ಫೋನ್ ಪೇ ಇದೆ, ಆದರೆ ಬೈಂಡಿಂಗ್ ಮಾಡುವ ಕಾಕಾ ಅವರ ಮಗ ಅಂಗಡಿಯಲ್ಲಿದ್ದಾಗ ಮಾತ್ರ. ಹುಬ್ಬಳ್ಳಿಯ ದುರ್ಗದಬೈಲಿನಿಂದ ಬ್ರಾಡ್‌ವೇ ಕಡೆ ಹೋಗುವಾಗ ಒಂದು ಸಣ್ಣ ಓಣಿ ಸಿಗುತ್ತೆ, ಅದರೊಳಗೆ. ಬೋರ್ಡ್ ಇಲ್ಲ. ಬಾಗಿಲ ಹೊರಗೆ ರಟ್ಟಿನ ಚೂರುಗಳ ರಾಶಿ ಬಿದ್ದಿರುತ್ತೆ, ಅದೇ ಗುರುತು. ಗಾಡಿ ಒಳಗೆ ಒಯ್ಯಬೇಡಿ, ತಿರುಗಿಸೋಕೆ ಜಾಗ ಇಲ್ಲ.

ಪುಸ್ತಕಗಳು ನಮ್ಮಪ್ಪನವು. ಅಪ್ಪ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದರು. ಇಲ್ಲೇ ಬಿ.ವಿ.ಬಿ. ಕಾಲೇಜಿನಲ್ಲಿ ಸಿವಿಲ್ ಓದಿ, ಮಲಪ್ರಭಾ ಬಲದಂಡೆ ಕಾಲುವೆ ಕೆಲಸಕ್ಕೆ ಸೇರಿದವರು. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು, ಅಲ್ಲಿಂದ ನವಲಗುಂದ, ನರಗುಂದದ ಎರೆ ಹೊಲಗಳಿಗೆ ನೀರು. ನೆಲದ ಏರಿಳಿತದ ಅಳತೆ ಬರೆದಿಡುವ ಪುಸ್ತಕಕ್ಕೆ ಲೆವೆಲ್ ಬುಕ್ ಅಂತಾರೆ. ಇಲಾಖೆಯ ಲೆವೆಲ್ ಬುಕ್ಕುಗಳನ್ನು ಲೆಕ್ಕ ಹಾಕಿ ಆಫೀಸಿಗೇ ಒಪ್ಪಿಸಿದ್ದರು. ಈ 11 ಮಾತ್ರ ಸ್ವಂತ ದುಡ್ಡಿನಲ್ಲಿ ಕೊಂಡವು. 1974ರಿಂದ 1985ರವರೆಗಿನವು. ಹೋದ ಕಾರ್ತಿಕದಲ್ಲಿ ಅಪ್ಪ ತೀರಿಕೊಂಡರು. ಅಟ್ಟದ ಟ್ರಂಕ್ ತೆಗೆದಾಗ ಇವು ಸಿಕ್ಕವು. ಪಿನ್ನುಗಳಿಗೆ ತುಕ್ಕು ಹಿಡಿದು, ಎರಡು ಪುಸ್ತಕದ ಬೆನ್ನು ಗೆದ್ದಲು ತಿಂದಿತ್ತು.

ಮೊದಲು ಇನ್ನೊಂದು ಕಡೆ ಕೇಳಿದ್ದೆ. ಹಾಳೆ ಬಿಡಿಸಿ, ತೂತು ಹೊಡೆದು ಸ್ಪೈರಲ್ ಹಾಕಿಕೊಡ್ತೀವಿ, ಒಂದು ತಾಸಿನ ಕೆಲಸ ಅಂದರು. ಹೊರಗೆ ಬಂದುಬಿಟ್ಟೆ.

ಈ ಕಾಕಾ ಹಾಗಲ್ಲ. ಪುಸ್ತಕ ಕೈಗೆ ತಗೊಂಡು ತೆರೆಯುವ ಮೊದಲು ಬೆನ್ನು ಮುಟ್ಟಿ ನೋಡಿದರು. ಆಮೇಲೆ ಹಾಳೆಯ ಅಂಚಿನ ಮೇಲೆ ಉಗುರು ಓಡಿಸಿದರು. "ಇದನ್ನ ಮಷಿನ್‌ಗೆ ಕೊಟ್ರ ನಿಮ್ಮ ಅಪ್ಪಾರ ಅಂಕಿ ಹೋಗ್ತಾವ್ರೀ ಅಕ್ಕಾರ. ಕಟಿಂಗ್ ಬ್ಯಾಡ." ಸಾಮಾನ್ಯವಾಗಿ ಬೈಂಡಿಂಗ್ ಆದಮೇಲೆ ಮೂರು ಕಡೆ ಒಂದೊಂದು ಎಳೆ ಕತ್ತರಿಸಿ ಅಂಚು ಸಮ ಮಾಡ್ತಾರೆ. ಅಪ್ಪ ಹಾಳೆಯ ಕೊನೆ ಕೂದಲೆಳೆಯವರೆಗೂ ಬರೆಯುತ್ತಿದ್ದವರು. ಹಾಗಾಗಿ ನಮ್ಮ ಪುಸ್ತಕಗಳ ಅಂಚು ಈಗಲೂ ಏರುಪೇರು. ನನಗೆ ಅದೇ ಬೇಕಿತ್ತು.

ಕೆಲಸ ಬಹಳ ಚೊಕ್ಕ. ತುಕ್ಕು ಹಿಡಿದ ಪಿನ್ನು ಒಂದೊಂದಾಗಿ ಕಿತ್ತು, ಹರಿದ ಮಡಿಕೆಗೆ ತೆಳ್ಳಗಿನ ಕಾಗದ ಅಂಟಿಸಿ, ದಾರದಲ್ಲಿ ಹೊಲಿದಿದ್ದಾರೆ. ಅಂಟು ಮೈದಾದ್ದು, ಅದರಲ್ಲಿ ಚೂರು ಮೈಲುತುತ್ತ ಹಾಕಿ ಕುದಿಸುತ್ತಾರೆ, ಹುಳ ಹತ್ತಬಾರದು ಅಂತ. ಆ ನೀಲಿ ಛಾಯೆ ರಟ್ಟಿನ ಒಳಮೈಯಲ್ಲಿ ಒಂದೆರಡು ಕಡೆ ಕಾಣುತ್ತೆ. ಬೆನ್ನಿಗೆ ಕಡುಕೆಂಪು ಕ್ಯಾಲಿಕೋ ಬಟ್ಟೆ. ಪುಸ್ತಕ ಮೇಜಿನ ಮೇಲೆ ಮಲಗಿಸಿದರೆ ಪೂರ್ತಿ ಚಪ್ಪಟೆಯಾಗಿ ತೆರೆದುಕೊಳ್ಳುತ್ತೆ, ತಾನಾಗಿ ಮುಚ್ಚಿಕೊಳ್ಳಲ್ಲ.

ತೆರೆದರೆ ಏನಿದೆ ಅಂದರೆ, ಬ್ಯಾಕ್ ಸೈಟ್, ಫೋರ್ ಸೈಟ್ ಅನ್ನೋ ಹಿಂದು-ಮುಂದಿನ ಅಳತೆ, ರೈಸ್, ಫಾಲ್ ಅನ್ನೋ ಏರಿಳಿತ, ಆರ್.ಎಲ್. ಅನ್ನೋ ಎತ್ತರ. ಸಾಲು ಸಾಲು ಅಂಕಿ. ಕಾಲುವೆಯ ಇಳಿಜಾರು ಕಣ್ಣಿಗೆ ಕಾಣುವಂಥದ್ದಲ್ಲ, ಸಾವಿರಾರು ಮೀಟರಿಗೆ ಒಂದು ಮೀಟರ್ ಇಳಿಯುತ್ತೆ ಅಷ್ಟೆ. ಅದಕ್ಕೇ ಎಲ್ಲವೂ ಮಿಲಿಮೀಟರ್ ಲೆಕ್ಕ. ನಡುನಡುವೆ ಎರೆ ಮಣ್ಣಿನ ಜೊತೆ ಗುದ್ದಾಟ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು, ಮೇಲೆ ಹಾಸಿದ ಕಾಂಕ್ರೀಟನ್ನೇ ಎತ್ತಿ ಒಡೆಯುತ್ತೆ. ಕೆಳಗೆ ಉಬ್ಬದ ಗರಸು ತುಂಬಿ ಕುಟ್ಟಿಸಬೇಕು. "ಗರಸು ಇನ್ನೂ ಬಂದಿಲ್ಲ" ಅನ್ನೋ ಸಾಲು ಎಷ್ಟು ಸಲ ಇದೆಯೋ ದೇವರೇ ಬಲ್ಲ.

ಮತ್ತೆ, ಶನಿವಾರದ ಪುಟಗಳು. ಅಪ್ಪ ನವಲಗುಂದದಲ್ಲಿ, ನಾವು ಶಾಲೆಗೋಸ್ಕರ ಹುಬ್ಬಳ್ಳಿಯಲ್ಲಿ. ಶನಿವಾರ ಸಂಜೆ ಬಸ್ಸಿಗೆ ಬಂದು, ಕಾಲು ತೊಳೆದು, ಚಹಾಕ್ಕೂ ಮೊದಲು ನಮ್ಮನ್ನು ಬಾಗಿಲಿಗೆ ಒರಗಿಸಿ ಟೇಪ್ ಹಿಡಿಯುತ್ತಿದ್ದರು. ಅದು ನೆನಪಿತ್ತು. ಬರೆದಿಟ್ಟಿದ್ದಾರೆ ಅಂತ ಗೊತ್ತಿರಲಿಲ್ಲ. 1979ರ ಒಂದು ಪುಟ ಹೀಗಿದೆ: "ಬಿ.ಎಂ. ಹೊಸ್ತಿಲು 0.000. ಮಗಳು 1.085. ಮಗ 0.940. ರಿಮಾರ್ಕ್ಸ್: ಮಗ ತುದಿಗಾಲಲ್ಲಿ ನಿಂತಿದ್ದ. ಮರು ಅಳತೆ 0.925." ಬಿ.ಎಂ. ಅಂದರೆ ಬೆಂಚ್ ಮಾರ್ಕ್, ಅಳತೆ ಶುರುವಾಗುವ ಗುರುತು. ಲೆವೆಲ್ ಬುಕ್ಕಿನಲ್ಲಿ ರಬ್ಬರ್ ಮುಟ್ಟಿಸುವಂತಿಲ್ಲ. ತಪ್ಪಾದರೆ ಒಂದು ಗೆರೆ ಎಳೆದು, ಸರಿ ಅಂಕಿಯನ್ನು ಮೇಲೆ ಬರೆದು, ಸಹಿ ಹಾಕಬೇಕು. ತಮ್ಮನ 0.940ಕ್ಕೆ ಗೆರೆಯೂ ಇದೆ, ಪಕ್ಕದಲ್ಲಿ ಅಪ್ಪನ ಸಹಿಯೂ ಇದೆ.

ಇದರಿಂದಲೇ ಒಂದು ಜಗಳ ಆಯ್ತು. ಒಂದು ಪುಸ್ತಕದ ಬೆನ್ನಿನ ಚೀಟಿಯಲ್ಲಿ 1974ರ ಬದಲು 1947 ಅಂತ ಬರೆದಿದ್ದರು. ಬೇರೆಯವರ ಪುಸ್ತಕವಾದರೆ ಸುಮ್ನೆ ಬಿಡ್ತಿದ್ದೆ. ಬದಲಾಯಿಸಿ ಅಂದೆ. ಕಿತ್ತರೆ ಬಟ್ಟೆ ಹಾಳಾಗುತ್ತೆ ಅಂದರು. ಕೊನೆಗೆ ತಪ್ಪಿನ ಮೇಲೆ ಗೆರೆ ಎಳೆದು, ಮೇಲ್ಗಡೆ ಇನ್ನೊಂದು ಚೀಟಿ ಅಂಟಿಸಿದರು. ಸಹಿ ಮಾತ್ರ ನಾನು ಹಾಕಿದೆ.

ಇನ್ನು ತಡ ಆದದ್ದರ ಕಥೆ. ಮೂರನೇ ಸಲ ಹೋದಾಗ ಕಾಕಾ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಅಪ್ಪನ ಪುಸ್ತಕ ಓದುತ್ತಾ ಕೂತಿದ್ದರು.

"ಕಾಕಾ, ಇನ್ನೂ ಆಗಿಲ್ಲೇನ್ರಿ?"

"ಹೊಲಿಗಿ ಆಗೇತ್ರೀ ಅಕ್ಕಾರ. ಓದೂದು ಮುಗದಿಲ್ಲ."

ಸಿಟ್ಟು ಬಂತು. ಗಿರಾಕಿ ಕೊಟ್ಟ ಕಾಗದ ಓದೋದು ಸರಿನಾ? ಮನೆಯ ಪತ್ರಗಳನ್ನು ಕೊಡುವವರು ಇದನ್ನು ತಲೆಯಲ್ಲಿಟ್ಟುಕೊಳ್ಳಿ. ನನ್ನ ಮುಖ ನೋಡಿ ಅವರೇ ಶುರುಮಾಡಿದರು. ಅವರ ಊರು ನವಲಗುಂದ ತಾಲ್ಲೂಕಿನ ಹಳ್ಳಿ. ನಾಲ್ಕು ಎಕರೆ ಹೊಲ, ಕಾಲುವೆಯ ಕೊನೆಗೆ, ಟೇಲ್ ಎಂಡ್ ಅಂತಾರಲ್ಲ ಅಲ್ಲಿ. ಕಾಲುವೆ ತೋಡಿದರು, ಹಾಸು ಹಾಕಿದರು, ನೀರು ಬರಲಿಲ್ಲ. ಕರದ ನೋಟಿಸ್ ಮಾತ್ರ ಬಂತು. "ನಮ್ಮಪ್ಪ ಕಾದೂ ಕಾದೂ ಕಡೀಕ ಇಲ್ಲಿ ಬಂದು ಹಮಾಲಿ ಮಾಡಿದಾರೀ."

ನಾನು ಏನು ಹೇಳಲಿ? 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಇದೇ ಕರದ ವಿರುದ್ಧ ಬೀದಿಗಿಳಿದದ್ದು, ಗೋಲಿಬಾರ್ ಆದದ್ದು ಇಲ್ಲಿಯವರಿಗೆ ಹೇಳಿಕೊಡಬೇಕಿಲ್ಲ. ಅಪ್ಪನ ಪುಸ್ತಕದಲ್ಲಿ ಅಂದು ಒಂದೇ ಸಾಲು: "ಗೇಜ್ ಓದಲಿಲ್ಲ." ಗೇಜ್ ಅಂದರೆ ಕಾಲುವೆಯ ನೀರಿನ ಮಟ್ಟ ತೋರಿಸುವ ಅಳತೆಪಟ್ಟಿ. ಮರುದಿನವೂ ಅದೇ ಸಾಲು. ಆ ಶನಿವಾರ ನಮ್ಮ ಎತ್ತರದ ಪುಟವೂ ಇಲ್ಲ. ಮನೆಯಲ್ಲಿ ಅಪ್ಪ ಆ ದಿನದ ಬಗ್ಗೆ ಒಂದು ಮಾತೂ ಆಡಿದವರಲ್ಲ.

ಕಾಕಾ ಪುಸ್ತಕಗಳ ನಡುವೆ ಅಲ್ಲಲ್ಲಿ ರಟ್ಟಿನ ಸಣ್ಣ ಪಟ್ಟಿ ಇಟ್ಟಿದ್ದರು. ಒಂದೊಂದೇ ತೆಗೆದು ತೋರಿಸಿದರು. ರಿಮಾರ್ಕ್ಸ್ ಕಾಲಮ್ಮಿನಲ್ಲಿ ಅಪ್ಪನ ಓರೆ ಅಕ್ಷರ: "ಟೇಲ್ ಎಂಡ್‌ಗೆ ನೀರು ಮುಟ್ಟಿಲ್ಲ. ಮೇಲಿನವರಿಗೆ ತಿಳಿಸಿದೆ." ಮತ್ತೊಂದು ಕಡೆ, "ಮತ್ತೆ ತಿಳಿಸಿದೆ." "ಹದಿನಾಕ ಸಲ ಬರದಾರ್ರೀ" ಅಂದರು. ಒಂದು ಪುಟದಲ್ಲಿ ಅವರ ಊರಿನ ಹೆಸರೂ ಇತ್ತು.

ಹಣದಲ್ಲಿ ಒಂದು ರೂಪಾಯಿ ಬಿಡಲಿಲ್ಲ ಅನ್ನೋದೂ ಹೇಳಬೇಕು, ನಾನೂ ಕೇಳಲಿಲ್ಲ. ಆ ಒಂದು ಪುಟದ ಜೆರಾಕ್ಸ್ ಮಾತ್ರ ಬೇಕು ಅಂದರು. ಓಣಿಯ ತುದಿಯ ಅಂಗಡಿಗೆ ಪುಸ್ತಕವನ್ನು ತಾವೇ ಎದೆಗವಚಿಕೊಂಡು ಬಂದರು. ಎರಡು ರೂಪಾಯಿ ತಾವೇ ಕೊಟ್ಟರು. ಮಷಿನ್ ಹುಡುಗ ಪುಸ್ತಕ ಬೋರಲು ಹಾಕಿ ಮುಚ್ಚಳ ಒತ್ತೋಕೆ ಹೋದ.

"ಏ ತಮ್ಮಾ, ಒತ್ತಬ್ಯಾಡೋ! ಹೊಲಿಗಿ ಹೊಸಾದೈತಿ."

ಅಂಚು ಸ್ವಲ್ಪ ಕಪ್ಪಗೆ ಬಂತು. ಅಂಕಿ ಎಲ್ಲ ಓದೋಕಾಗುತ್ತೆ.