36 ಪುಸ್ತಕದ ಲೆಕ್ಕ: ಆ್ಯಪ್ ಚೆಂದವೋ, ಶೀಟೋ, ಉದ್ದ ನೋಟ್‌ಬುಕ್ಕೋ?

ವರ್ಷಕ್ಕೆ ಇಂತಿಷ್ಟು ಪುಸ್ತಕ ಓದ್ತೀನಿ ಅಂತ ಜನವರಿಯಲ್ಲಿ ಹೇಳಿಕೊಳ್ಳೋದು ಸುಲಭ. ಜೂನ್ ಹೊತ್ತಿಗೆ ಯಾರಾದರೂ "ಎಷ್ಟಾಯ್ತು?" ಅಂದರೆ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಹಾಗಾಗಿ ಈಚಿನ ವರ್ಷಗಳಲ್ಲಿ ಈ ಲೆಕ್ಕವನ್ನು ನಾಲ್ಕು ಕಡೆ ಇಟ್ಟು ನೋಡಿದ್ದೇನೆ. ಓದಿದ ಪುಸ್ತಕದ ಲೆಕ್ಕ ಇಡುವ ಗುಡ್‌ರೀಡ್ಸ್, ಸ್ಟೋರಿಗ್ರಾಫ್ ಅನ್ನುವ ಎರಡು ಆ್ಯಪ್, ಗೂಗಲ್ ಶೀಟ್ಸ್, ಮತ್ತೆ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಉದ್ದ ನೋಟ್‌ಬುಕ್. ಗುರಿ ಎಲ್ಲದರಲ್ಲೂ ಒಂದೇ, 36 ಪುಸ್ತಕ. ತಿಂಗಳಿಗೆ ಮೂರು.

ನನ್ನ ಓದು ಎಂಥದ್ದು ಅಂತ ಮೊದಲೇ ಹೇಳಿಬಿಡ್ತೀನಿ, ಇಲ್ಲದಿದ್ದರೆ ಈ ಹೋಲಿಕೆ ನಿಮಗೆ ಉಪಯೋಗಕ್ಕೆ ಬರಲ್ಲ. ಮನೆ ಕಲಬುರಗಿಯಲ್ಲಿ, ಕೆಲಸ ಶಹಾಬಾದಿನ ಒಂದು ಸಹಕಾರ ಸಂಘದಲ್ಲಿ. ಓದೋದು ಜಾಸ್ತಿ ರೈಲಿನಲ್ಲಿ, ಉಳಿದದ್ದು ರಾತ್ರಿ ಊಟ ಆದ ಮೇಲೆ. ಬಹುತೇಕ ಎಲ್ಲವೂ ಕನ್ನಡ ಪುಸ್ತಕಗಳೇ. ಅದರಲ್ಲೂ ಅರ್ಧದಷ್ಟು ಗ್ರಂಥಾಲಯದವು, ರಟ್ಟಿನ ಬೈಂಡ್ ಹಾಕಿದ ಹಳೆಯ ಮುದ್ರಣಗಳು. ನೀವು ಇಂಗ್ಲಿಷ್ ಕಾದಂಬರಿ ಓದುವವರಾದರೆ ನಿಮ್ಮ ತೀರ್ಮಾನ ಬೇರೆಯೇ ಆಗಬಹುದು.

ಗುಡ್‌ರೀಡ್ಸ್

ಎಲ್ಲರಿಗೂ ಗೊತ್ತಿರೋದು ಇದೇ. 2007ರಲ್ಲಿ ಶುರುವಾಯಿತು, 2013ರಲ್ಲಿ ಅಮೆಜಾನ್ ಕೊಂಡುಕೊಂಡಿತು. ವರ್ಷದ ಓದಿನ ಸವಾಲು 2011ರಿಂದ ಇದೆ. ಗುರಿಯ ಸಂಖ್ಯೆ ಹಾಕಿ, ಪುಸ್ತಕ ಮುಗಿದ ದಿನ 'ಓದಿದೆ' ಅಂತ ಒತ್ತಿದರೆ ಆಯ್ತು. ಪರದೆಯ ಮೇಲೆ ಬಣ್ಣದ ಒಂದು ಪಟ್ಟಿ (ಬಾರ್) ಮುಂದೆ ಸರಿಯುತ್ತದೆ. ಅದು ಸರಿಯುವುದನ್ನು ನೋಡೋಕೆ ಖುಷಿ ಆಗುತ್ತದೆ, ಸುಳ್ಳು ಯಾಕೆ ಹೇಳಲಿ. ಒಂದು ವಿಷಯ ನೆನಪಿಡಿ: ಮುಗಿಸಿದ ತಾರೀಖು ಹಾಕದಿದ್ದರೆ ಪುಸ್ತಕ ಸವಾಲಿನ ಲೆಕ್ಕಕ್ಕೆ ಬರಲ್ಲ. 'ನನ್ನದು ಎರಡು ಕಮ್ಮಿ ತೋರಿಸ್ತಿದೆ' ಅನ್ನುವವರು ಮೊದಲು ತಾರೀಖು ನೋಡಿಕೊಳ್ಳಿ.

ನೀವು ಮುಂದಿದ್ದೀರೋ ಹಿಂದಿದ್ದೀರೋ ಅಂತಲೂ ಅದು ಹೇಳುತ್ತದೆ. ಹೇಗೆ? ವರ್ಷವನ್ನು ಸಾಲದ ಕಂತಿನ ಹಾಗೆ ಸಮನಾಗಿ ಹಂಚಿ. 36 ಪುಸ್ತಕ ಅಂದರೆ ಸುಮಾರು ಹತ್ತು ದಿನಕ್ಕೊಂದು. ಮಾರ್ಚ್ ಮುಗಿಯುವಾಗ 9 ಆಗಿರಬೇಕು. ಆದರೆ ಸಹಕಾರ ಸಂಘದಲ್ಲಿ ಕೆಲಸ ಮಾಡುವವರಿಗೆ ಮಾರ್ಚ್ ಅಂದರೆ ಏನು ಅಂತ ಕೇಳಿ ನೋಡಿ. ವಸೂಲಿ, ಲೆಕ್ಕ ಮುಗಿಸೋದು, ಮೇಲಿಂದ ಶರಣಬಸವೇಶ್ವರ ಜಾತ್ರೆಗೆ ಬರುವ ನೆಂಟರು. ಮೇ ತಿಂಗಳು ಬಂತೆಂದರೆ ನಮ್ಮ ಕಡೆ ಬಿಸಿಲು 42, 43 ಡಿಗ್ರಿ. ಮಧ್ಯಾಹ್ನ ಕರೆಂಟ್ ಹೋದರೆ ಪುಸ್ತಕವನ್ನು ಬೀಸಣಿಗೆ ಮಾಡಿಕೊಳ್ಳಬೇಕು, ಓದೋದು ದೂರದ ಮಾತು. ನನ್ನ ಓದು ಕಳೆಗಟ್ಟೋದು ಮಳೆಗಾಲದಲ್ಲಿ, ಆಮೇಲೆ ದಸರೆಯಿಂದ ಡಿಸೆಂಬರ್‌ವರೆಗೆ. ಹೀಗಿರುವಾಗ ಏಪ್ರಿಲ್‌ನಲ್ಲಿ 'ನೀವು ಮೂರು ಪುಸ್ತಕ ಹಿಂದಿದ್ದೀರಿ' ಅನ್ನುವ ಸಾಲಿಗೆ ಅರ್ಥವೇ ಇಲ್ಲ. ಅರ್ಥ ಇಲ್ಲ ಅಂತ ಗೊತ್ತಿದ್ದರೂ ಕಿರಿಕಿರಿ ಮಾತ್ರ ಆಗುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಇಲ್ಲಿ ಎಣಿಕೆ ಪುಸ್ತಕದ್ದು, ಪುಟದ್ದಲ್ಲ. 80 ಪುಟದ ನಾಟಕವೂ ಒಂದೇ, 700 ಪುಟದ ಕಾದಂಬರಿಯೂ ಒಂದೇ. ನವೆಂಬರ್ ಬರುತ್ತಿದ್ದಂತೆ ಕೈ ತಾನಾಗೇ ತೆಳ್ಳನೆಯ ಪುಸ್ತಕದ ಕಡೆ ಹೋಗುತ್ತದೆ. ಗ್ರಂಥಾಲಯದಲ್ಲಿ ಪುಸ್ತಕ ನಮೂದಿಸಿಕೊಳ್ಳುವವರು ಒಂದು ಸಲ ಕೇಳೇಬಿಟ್ಟರು: "ಏನ್ರಿ ಮೇಡಮ್, ಈ ಸಲ ಬರೀ ಸಣ್ಣ ಸಣ್ಣ ಪುಸ್ತಕಾನೇ ಒಯ್ಲಾಕತ್ತೀರಿ. ದೊಡ್ಡವು ಬ್ಯಾಡೇನ್ರಿ?" ಲೆಕ್ಕ ಇಡುವ ರೀತಿ ಓದನ್ನೇ ಬಗ್ಗಿಸುತ್ತದೆ ಅನ್ನೋದು ನನಗೆ ಅಲ್ಲಿಂದಲೇ ತಲೆಗೆ ಹೊಕ್ಕಿದ್ದು. ಮುಂದಿನ ಮೂರನ್ನೂ ನಾನು ನೋಡಿದ್ದು ಇದೇ ಕಣ್ಣಿನಿಂದ.

ಕನ್ನಡ ಪುಸ್ತಕದ ಮಟ್ಟಿಗೆ ಹೇಳಬೇಕೆಂದರೆ, ಅಲ್ಲಿನ ಪಟ್ಟಿಯ ದೊಡ್ಡ ಪಾಲು ಓದುಗರೇ ಸೇರಿಸಿದ್ದು. ಹೆಸರಾದ ಕಾದಂಬರಿಗಳು ಸಿಗುತ್ತವೆ. ಒಮ್ಮೆ ಕನ್ನಡ ಅಕ್ಷರದಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ, ಎರಡೂ ರೀತಿ ಹುಡುಕಿ. ಹಿಂದಿನ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಇನ್ನೂ ಬೇಗ. ಆದರೆ ಗ್ರಂಥಾಲಯದ ಹಳೆಯ ಮುದ್ರಣಕ್ಕೆ ಬಾರ್‌ಕೋಡ್ ಎಲ್ಲಿಂದ ಬರಬೇಕು? ಎಷ್ಟೋ ಪುಸ್ತಕಕ್ಕೆ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆಯೇ ಇರಲ್ಲ. ವಿಶ್ವವಿದ್ಯಾಲಯದ ಪ್ರಸಾರಾಂಗದ ಹಳೆಯ ಪ್ರಕಟಣೆ, ಸಂಸ್ಮರಣ ಗ್ರಂಥ, ಊರಿನ ಕವಿಯ ಸಂಕಲನ, ಇಂಥವನ್ನು ಅಲ್ಲಿನ 'ಲೈಬ್ರೇರಿಯನ್' ಸ್ವಯಂಸೇವಕರನ್ನು ಕೇಳಿ ಸೇರಿಸಿಕೊಳ್ಳಬೇಕು. ಸೇರಿಸೋಕೆ ದಾರಿ ಇದೆ. ವರ್ಷಕ್ಕೆ ನಾಲ್ಕೈದು ಆದರೆ ಪರವಾಗಿಲ್ಲ. ನನ್ನಂಥವರಿಗೆ ಅದೇ ಒಂದು ಕೆಲಸ ಆಗುತ್ತದೆ.

ಸ್ಟೋರಿಗ್ರಾಫ್

ಇದನ್ನು ಹೇಳಿಕೊಟ್ಟವಳು ಅಕ್ಕನ ಮಗಳು. "ಮೌಶಿ, ಪುಟದ ಲೆಕ್ಕ ಬೇಕಂದ್ರ ಇದು ಹಾಕ್ಕೋ" ಅಂತ ಫೋನ್ ಕಸಿದುಕೊಂಡು ತಾನೇ ಹಾಕಿಕೊಟ್ಟಳು. ನಾಡಿಯಾ ಒಡುನಾಯೊ ಅನ್ನುವವರು ಕಟ್ಟಿದ್ದು. ಗುಡ್‌ರೀಡ್ಸ್‌ನಿಂದ ಹೊರಬರುವ ಬಹಳ ಜನ ಬಂದು ಸೇರೋದು ಇಲ್ಲಿಗೇ. ಅಲ್ಲಿನ ಪಟ್ಟಿಯನ್ನು ಫೈಲ್ ಮಾಡಿಕೊಂಡು ಇಲ್ಲಿ ಹಾಕಿದರೆ ಹಳೆಯ ಲೆಕ್ಕವೂ ಬಂದುಬಿಡುತ್ತದೆ.

ಇದರ ದೊಡ್ಡ ಗುಣ, ಪುಸ್ತಕದ ಗುರಿಯ ಜೊತೆ ಪುಟದ ಗುರಿಯನ್ನೂ ಇಡಬಹುದು. ಆಡಿಯೊ ಕೇಳುವವರಿಗೆ ಗಂಟೆಯ ಗುರಿಯೂ ಇದೆ. ಸರಾಸರಿ 200 ಪುಟ ಹಿಡಿದರೆ ನನ್ನ 36 ಪುಸ್ತಕ ಅಂದರೆ 7,200 ಪುಟ, ದಿನಕ್ಕೆ ಹತ್ತಿರ ಹತ್ತಿರ 20. ಶಹಾಬಾದಿಗೆ ಹೋಗಿಬರುವಷ್ಟರಲ್ಲಿ ಆಗುವ ಓದು. ಪುಟದ ಗುರಿ ಇಟ್ಟ ಮೇಲೆ ದಪ್ಪ ಪುಸ್ತಕದ ಭಯ ನಿಜವಾಗಿಯೂ ಹೋಯಿತು. 700 ಪುಟದ ಕಾದಂಬರಿ ಕೈಗೆತ್ತಿಕೊಂಡರೆ ಸವಾಲು ನಿಲ್ಲಲ್ಲ, ಮುಂದೆಯೇ ಹೋಗುತ್ತದೆ.

ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೆ ಬೇರೆ ಗುರುತು ಇದೆ. ನಕ್ಷತ್ರ ಕೊಡುವಾಗ ಮುಕ್ಕಾಲು, ಕಾಲು ಅಂತಲೂ ಕೊಡಬಹುದು. ಗುಡ್‌ರೀಡ್ಸ್‌ನಲ್ಲಿ ಪೂರ್ತಿ ನಕ್ಷತ್ರ ಮಾತ್ರ. ಮೂರೂವರೆಗೆ ತಕ್ಕ ಪುಸ್ತಕಗಳೇ ಜಗತ್ತಿನಲ್ಲಿ ಜಾಸ್ತಿ ಇರೋದು, ಅಲ್ವಾ?

ಪುಸ್ತಕದ ಭಾವ (ಮೂಡ್), ಕಥೆಯ ಓಟ ಇವುಗಳ ಚಾರ್ಟ್‌ಗಳನ್ನೂ ತೋರಿಸುತ್ತದೆ. ಕನ್ನಡ ಪುಸ್ತಕಕ್ಕೆ ಇದು ಸದ್ಯಕ್ಕೆ ಸುಮ್ನೆ ಅಲಂಕಾರ. ಬೇರೆ ಓದುಗರು ತುಂಬಿದ ಉತ್ತರಗಳಿಂದ ಬರುವ ಮಾಹಿತಿ ಅದು. ಓದುಗರು ಕಡಿಮೆ ಇರುವ ಕಡೆ ನಾವು ತುಂಬಿದ್ದನ್ನೇ ನಮಗೆ ತಿರುಗಿಸಿ ತೋರಿಸುತ್ತದೆ. ಹಳೆಯ ಮುದ್ರಣವನ್ನು ಸೇರಿಸುವ ಕೆಲಸ ಇಲ್ಲೂ ತಪ್ಪಲ್ಲ.

ಗೂಗಲ್ ಶೀಟ್ಸ್

ಲೆಕ್ಕದ ಕೆಲಸ ಮಾಡುವವಳಾದ್ದರಿಂದ ಇದರ ಮೇಲೆ ನನಗೆ ಸ್ವಲ್ಪ ಪಕ್ಷಪಾತ ಇದೆ. ಮೊದಲೇ ಹೇಳಿದೆ ಅಂತ ಇಟ್ಕೊಳ್ಳಿ.

ನನ್ನ ಶೀಟಿನ ಕಾಲಂಗಳು ಇಷ್ಟೇ: ಪುಸ್ತಕ, ಲೇಖಕರು, ಪುಟ, ಶುರು, ಮುಗಿದದ್ದು, ಎಲ್ಲಿಂದ ಬಂತು, ವಾಪಸ್ ಯಾವಾಗ. ಕೊನೆಯ ಎರಡು ಕಾಲಂ ಯಾವ ಆ್ಯಪ್‌ನಲ್ಲೂ ನನಗೆ ಬೇಕಾದ ಹಾಗೆ ಸಿಗಲಿಲ್ಲ. ಗ್ರಂಥಾಲಯದ ಪುಸ್ತಕ ಓದುವವರಿಗೆ ಅವೇ ಮುಖ್ಯ. ಪಕ್ಕದ ಹಾಳೆಯಲ್ಲಿ ಹನ್ನೆರಡು ತಿಂಗಳು, ಒಂದೊಂದಕ್ಕೂ ನಾನೇ ಇಟ್ಟ ಗುರಿ. ಮಾರ್ಚ್‌ಗೆ 1 ಪುಸ್ತಕ, ಮೇಗೆ 1, ಆಗಸ್ಟ್‌ಗೆ 5. ಎಲ್ಲಾ ಕೂಡಿದರೆ 36 ಬಂದರೆ ಸಾಕು. ಕೌಂಟ್‌ಇಫ್ಸ್ ಸೂತ್ರದಿಂದ ತಿಂಗಳಿಗೆ ಎಷ್ಟು ಮುಗಿಯಿತು, ಸಮ್‌ಇಫ್ಸ್‌ನಿಂದ ಎಷ್ಟು ಪುಟ, ಎರಡೂ ತಾನಾಗೇ ಬರುತ್ತದೆ. ಹಿಂದಿದ್ದೀನಾ ಮುಂದಿದ್ದೀನಾ ಅನ್ನುವ ಪ್ರಶ್ನೆಗೆ ಉತ್ತರ ಕೊಡೋದು ಈಗ ನನ್ನದೇ ಕ್ಯಾಲೆಂಡರ್.

ಹೊಸದಾಗಿ ಮಾಡುವವರು ಒಂದು ಕಡೆ ಎಚ್ಚರ ಇರಿ. ಶೀಟಿನ ಸೆಟ್ಟಿಂಗ್ಸ್‌ನಲ್ಲಿ ದೇಶ ಅಮೆರಿಕ ಅಂತ ಇದ್ದರೆ ತಾರೀಖು ಅದಲು ಬದಲಾಗುತ್ತದೆ. 05/03 ಅಂತ ಬರೆದರೆ ಮೇ 3 ಅಂತ ಹಿಡಿಯುತ್ತದೆ. 25/03 ಬರೆದರೆ ತಾರೀಖೇ ಅಲ್ಲ ಅಂದುಕೊಂಡು ಬರೀ ಅಕ್ಷರವಾಗಿ ಇಟ್ಟುಕೊಳ್ಳುತ್ತದೆ. ಪತ್ತೆ ಹಚ್ಚೋದು ಸುಲಭ. ತಾರೀಖು ಅಂತ ಹಿಡಿದದ್ದು ಶೀಟಿನ ಮನೆಯ (ಸೆಲ್‌ನ) ಬಲಕ್ಕೆ ಅಂಟುತ್ತದೆ, ಅಕ್ಷರ ಅಂತ ಹಿಡಿದದ್ದು ಎಡಕ್ಕೆ. ದೇಶವನ್ನು ಇಂಡಿಯಾ ಅಂತ ಬದಲಿಸಿ, ಆಮೇಲೆ ತಾರೀಖು ತುಂಬಿ.

ಗುಡ್‌ರೀಡ್ಸ್‌ನಿಂದ ಇಳಿಸಿಕೊಂಡ ಪಟ್ಟಿಯ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ನೇರವಾಗಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಕನ್ನಡದ ಹೆಸರುಗಳು ಚಿತ್ರವಿಚಿತ್ರ ಅಕ್ಷರ ಆಗಬಹುದು. ಶೀಟ್ಸ್ ಒಳಗೆ ಇಂಪೋರ್ಟ್ ಮಾಡಿದರೆ ಸರಿಯಾಗಿ ಬರುತ್ತದೆ.

ಪುಟದ ಲೆಕ್ಕದ ಬಗ್ಗೆ ಇಲ್ಲೇ ಒಂದು ಮಾತು. ಕನ್ನಡ ಪುಸ್ತಕ ತೆರೆದರೆ ಮೊದಲ ಹಾಳೆಗಳಲ್ಲಿ ಒಂದು ಕಡೆ 'ಪುಟ: 14+226, 1/8 ಡೆಮಿ, 70 ಜಿಎಸ್ಎಂ ಮ್ಯಾಪ್‌ಲಿಥೋ' ಅಂತೇನಾದರೂ ಇರುತ್ತದೆ ನೋಡಿ. ನಾನು ಹಾಕೋದು 226 ಮಾತ್ರ. ಮುನ್ನುಡಿ, ಬೆನ್ನುಡಿ, ಲೇಖಕರ ಅರಿಕೆ, ಪ್ರಕಾಶಕರ ನುಡಿ ಇವನ್ನೆಲ್ಲ ಓದುತ್ತೇನೆ, ಲೆಕ್ಕಕ್ಕೆ ಹಿಡಿಯಲ್ಲ. ಇನ್ನು ಡೆಮಿ, ಕ್ರೌನ್ ಅನ್ನೋದು ಪುಸ್ತಕದ ಅಳತೆಗಳು, ಡೆಮಿ ಪುಟ ಕ್ರೌನ್ ಪುಟಕ್ಕಿಂತ ದೊಡ್ಡದು. ಹಾಗಾಗಿ 200 ಪುಟ ಅನ್ನೋದು ಎಲ್ಲ ಪುಸ್ತಕದಲ್ಲೂ ಒಂದೇ ಅಲ್ಲ. ಫೋನಿನಲ್ಲಿ ಓದುವ ಇ-ಪುಸ್ತಕದಲ್ಲಂತೂ ಅಕ್ಷರ ದೊಡ್ಡದು ಮಾಡಿದಂತೆ ಪುಟ ಹೆಚ್ಚುತ್ತಾ ಹೋಗುತ್ತದೆ. ಅದಕ್ಕೆ ಅಚ್ಚಿನ ಪ್ರತಿಯ ಪುಟವನ್ನೇ ಹಾಕಿಬಿಡ್ತೀನಿ. ಅಷ್ಟು ಕರಾರುವಾಕ್ಕಾಗಿ ಇರಬೇಕಾದ ಲೆಕ್ಕ ಇದೇನಲ್ಲ, ಆಡಿಟ್‌ಗೆ ಯಾರೂ ಬರಲ್ಲ.

ಶೀಟಿನ ತೊಂದರೆ ಒಂದೇ. ಫೋನಿನ ಸಣ್ಣ ಪರದೆಯಲ್ಲಿ, ಅಲುಗಾಡುವ ರೈಲಿನಲ್ಲಿ ನಿಂತುಕೊಂಡು ಮನೆ ಹುಡುಕಿ ತುಂಬೋದು ಆಗದ ಮಾತು. ರಾತ್ರಿ ತುಂಬೋಣ ಅಂದರೆ ಮರೆತೇ ಹೋಗುತ್ತದೆ.

ಉದ್ದ ನೋಟ್‌ಬುಕ್

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆ ಯಾವ ಸ್ಟೇಷನರಿ ಅಂಗಡಿಗೆ ಹೋದರೂ ಸಿಗುತ್ತದೆ. ಗೆರೆ ಹಾಕಿದ್ದು, ರಟ್ಟು ಗಟ್ಟಿ ಇರುವಂಥದ್ದು ತಗೊಳ್ಳಿ. ಪೆನ್ನನ್ನು ದಾರದಿಂದ ಕಟ್ಟಿ. ಆ ಒಂದು ದಾರ ಇಲ್ಲದೆ ನೋಟ್‌ಬುಕ್ ಲೆಕ್ಕ ಒಂದು ತಿಂಗಳೂ ನಡೆಯಲ್ಲ.

ನೆಟ್‌ವರ್ಕ್ ಬೇಡ, ಚಾರ್ಜ್ ಬೇಡ, ಐಎಸ್‌ಬಿಎನ್ ಬೇಡ. ಪುಸ್ತಕ ಯಾವ ಕಾಲದ್ದಾದರೂ ಹೆಸರು ಬರೆದರೆ ಸೇರಿತು. ಒಳ್ಳೆಯ ಸಾಲು ಸಿಕ್ಕರೆ ಪಕ್ಕದಲ್ಲೇ ಬರೆದುಕೊಳ್ಳಬಹುದು. ಮೂರು ನಕ್ಷತ್ರವೋ ನಾಲ್ಕೋ ಅಂತ ಯೋಚಿಸುವ ಬದಲು 'ಕೊನೆಯ ಮೂವತ್ತು ಪುಟ ಎಳೆದಾಟ' ಅಂತ ಬರೆದರೆ ವರ್ಷ ಕಳೆದ ಮೇಲೂ ಪುಸ್ತಕ ನೆನಪಾಗುತ್ತದೆ.

ನೋಟ್‌ಬುಕ್ ನಿಜಕ್ಕೂ ಗೆದ್ದಿದ್ದು ವಚನದ ವಿಷಯದಲ್ಲಿ. ನಮ್ಮ ಮನೆಯಲ್ಲಿ ಸಮಗ್ರ ವಚನ ಸಂಪುಟಗಳು ಕೆಲವು ಇವೆ. ಒಟ್ಟು 15 ಸಂಪುಟಗಳ ಮಾಲೆ ಅದು, ಒಂದೊಂದೂ ಕೈಗೆ ಭಾರ. ಬೆಳಿಗ್ಗೆ ನಾಲ್ಕೋ ಐದೋ ವಚನ ಓದಿ ಮುಚ್ಚಿಡೋದು ರೂಢಿ. ಕೆಲವು ದಿನ ಒಂದೇ ವಚನದ ಮುಂದೆ ಕೂತುಬಿಡೋದೂ ಇದೆ. ಇದು ಈ ವರ್ಷ ಮುಗಿಯಲ್ಲ, ಮುಂದಿನ ವರ್ಷವೂ ಮುಗಿಯಲ್ಲ. ಆ್ಯಪ್‌ನಲ್ಲಿ ಇದು ಎಂದೆಂದಿಗೂ 'ಓದುತ್ತಿದ್ದೇನೆ' ಪಟ್ಟಿಯಲ್ಲೇ ಬಿದ್ದಿರುತ್ತದೆ, ಪುಸ್ತಕದ ಸವಾಲಿಗೆ ಸೊನ್ನೆ. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಇದಕ್ಕೆ ಬೇರೆ ಜಾಗ ಮಾಡಿದ್ದೇನೆ. ತಾರೀಖು, ವಚನದ ಸಂಖ್ಯೆ, ಅಷ್ಟೇ. ಕಾವ್ಯ ಓದುವವರು, ಹಳಗನ್ನಡ ನಿಧಾನವಾಗಿ ಬಿಡಿಸಿಕೊಂಡು ಓದುವವರು ಸಂಖ್ಯೆಯ ಗುರಿಗೆ ಬಿದ್ದರೆ ಮೊದಲು ಕೈಬಿಡೋದು ಇಂಥ ಓದನ್ನೇ.

ನೋಟ್‌ಬುಕ್ ಕೂಡಿಸಿ ಹೇಳಲ್ಲ, ನೀವೇ ಕೂಡಿಸಬೇಕು. ಹೋದ ವರ್ಷದ್ದು ಹುಡುಕಬೇಕಾದರೆ ಪುಟ ತಿರುಗಿಸಬೇಕು. ಕಳೆದುಹೋದರೆ ಹೋಯಿತು, ಬೇರೆ ಕಡೆ ಪ್ರತಿ ಇರಲ್ಲ. ತಿಂಗಳಿಗೊಮ್ಮೆ ಫೋಟೊ ತೆಗೆದಿಟ್ಟುಕೊಳ್ಳಿ.

ಗೋಡೆ ಕ್ಯಾಲೆಂಡರಿನ ಚೌಕದಲ್ಲಿ ಪುಸ್ತಕದ ಹೆಸರು ಬರೆಯುವವರೂ ಇದ್ದಾರೆ. ನಮ್ಮನೆಯಲ್ಲಿ ಅದು ಹಾಲಿನ ಲೆಕ್ಕಕ್ಕೇ ಸಾಲಲ್ಲ.

ಯಾರಿಗೆ ಯಾವುದು?

ಗೆಳೆಯರು ಏನು ಓದುತ್ತಿದ್ದಾರೆ ಅಂತ ನೋಡುತ್ತಾ ಓದಬೇಕು ಅನ್ನುವವರಿಗೆ ಗುಡ್‌ರೀಡ್ಸ್. ಇಲ್ಲಿರುವಷ್ಟು ಜನ ಬೇರೆಲ್ಲೂ ಇಲ್ಲ. ಇಂಗ್ಲಿಷ್ ಜಾಸ್ತಿ ಓದುತ್ತೀರಿ, ಬೇರೆಯವರ ಗೊಡವೆ ಬೇಡ, ದಪ್ಪ ಪುಸ್ತಕ ಇಷ್ಟ ಅನ್ನುವವರಿಗೆ ಸ್ಟೋರಿಗ್ರಾಫ್. ಎರಡು ಆ್ಯಪ್‌ನಲ್ಲಿ ಒಂದನ್ನೇ ಆರಿಸು ಅಂದರೆ ಪುಟದ ಗುರಿಯ ಕಾರಣಕ್ಕೆ ನಾನು ಎರಡನೆಯದನ್ನೇ ಹಿಡಿಯುತ್ತೇನೆ. ವರ್ಷದ ಕೆಲವು ತಿಂಗಳು ಓದೋಕೆ ಪುರುಸೊತ್ತೇ ಇರದ ಶಿಕ್ಷಕರು, ಬ್ಯಾಂಕಿನವರು, ರೈತರ ಮನೆಯವರು ಶೀಟ್ ಮಾಡಿಕೊಂಡು ತಿಂಗಳ ಗುರಿಯನ್ನು ತಾವೇ ಹಂಚಿಕೊಳ್ಳೋದು ವಾಸಿ.

ನನ್ನದು ಈಗ ಎರಡರ ಜೋಡಿ. ರೈಲಿನಲ್ಲಿ ನೋಟ್‌ಬುಕ್, ತಿಂಗಳ ಕೊನೆಯ ಭಾನುವಾರ ಅದನ್ನು ನೋಡಿಕೊಂಡು ಶೀಟ್ ತುಂಬೋದು. ಮೂರು ಸಾಲು ತುಂಬೋಕೆ ಚಹಾ ಆರುವಷ್ಟು ಹೊತ್ತೂ ಬೇಕಿಲ್ಲ. ಬರುವ ಜನವರಿಯಿಂದ ಶೀಟಿನ ಮೇಲ್ಸಾಲಿನಲ್ಲಿ 36 ತೆಗೆದು 7,200 ಅಂತ ಮಾಡ್ತೀನಿ. ಪುಸ್ತಕದ ಸಂಖ್ಯೆ ಒಂದು ಮೂಲೆಯಲ್ಲಿ ಇರಲಿ, ಯಾರಾದರೂ ಕೇಳಿದರೆ ಹೇಳೋಕೆ ಬೇಕಾಗುತ್ತದೆ.