ಗಂಗಾವತಿಯ ಅಕ್ಕಿ ಗಿರಣಿಗೆ ಯಾವ ಲಿನಕ್ಸ್?

ಹತ್ತು ವರ್ಷ ಲಿನಕ್ಸ್‌ನಲ್ಲಿ ಪಳಗಿದ ಕೈಗೆ ಸಾಫ್ಟ್‌ವೇರ್ ಹಾಕುವ ಆಜ್ಞೆ ಆಪ್ಟ್ ಆದರೇನು, ಡಿಎನ್‌ಎಫ್ ಆದರೇನು? ಎಲ್ಲ ಕಡೆ ಸೇವೆಗಳನ್ನು ಓಡಿಸಲು ಅದೇ ಸಿಸ್ಟಂಡಿ, ದೂರದಿಂದ ಲಾಗಿನ್ ಆಗಲು ಅದೇ ಎಸ್‌ಎಸ್‌ಎಚ್. ಒಂದೇ ಡಿಸ್ಟ್ರೋಗೆ (ಲಿನಕ್ಸ್‌ನ ಒಂದು ಸಿದ್ಧ ರೂಪಕ್ಕೆ) ಜೋತುಬೀಳುವುದು ಹೊಸಬರ ಚಟ ಎಂದು ಹೇಳುವವರಿದ್ದಾರೆ. ಸ್ವಂತ ಲ್ಯಾಪ್‌ಟಾಪ್ ಮಟ್ಟಿಗೆ ಆ ಮಾತು ಸರಿ. ಮಷೀನು ಗಂಗಾವತಿಯ ಗಿರಣಿಯಲ್ಲಿ, ಅದನ್ನು ಕೂರಿಸಿದವರು ಬಳ್ಳಾರಿಯಲ್ಲಿ ಎಂದಾದರೆ ಲೆಕ್ಕ ಬೇರೆ. ಅಂಥ ಮಷೀನಿಗೆ ಡೆಬಿಯನ್ ಸ್ಟೇಬಲ್, ಅಂದರೆ ಡೆಬಿಯನ್‌ನ ಸ್ಥಿರ ಬಿಡುಗಡೆ, ಹಾಕಬೇಕು. ಅದರ ತಕರಾರುಗಳನ್ನೂ ಸೇರಿಸಿ ಕಾರಣ ಹೇಳುತ್ತೇವೆ.

ಹೋಲಿಕೆಗೆ ಇಟ್ಟದ್ದು ಡೆಬಿಯನ್ ಸ್ಟೇಬಲ್‌ನ 13ನೇ ಆವೃತ್ತಿ, ಉಬುಂಟು 24.04, ಫೆಡೋರಾ 42, ರಾಕಿ 10 ಮತ್ತು ಆರ್ಚ್. ಮಷೀನು ಈ ಭಾಗದ ಆಫೀಸುಗಳಲ್ಲಿ ಸಾಮಾನ್ಯವಾಗಿ ಸಿಗುವ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್: 3ನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ವೇಬ್ರಿಡ್ಜ್ (ಲಾರಿ ತೂಗುವ ಕಟ್ಟೆ) ಇಂಡಿಕೇಟರ್‌ನಿಂದ ತೂಕ ಓದಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಬರೆಯುವುದು, ಲಾರಿಯವನಿಗೆ ಚೀಟಿ ಕೊಡುವುದು ಅದರ ಕೆಲಸ. ಇಂಟರ್ನೆಟ್ ಬರುವುದು ಮೊಬೈಲ್ ಹಾಟ್‌ಸ್ಪಾಟ್‌ನಿಂದ. ಕರೆಂಟ್ ಯಾವಾಗ ಬೇಕಾದರೂ ಹೋಗಬಹುದು.

ರಾಕಿ 10 ಬಾಗಿಲಲ್ಲೇ ಮುಗ್ಗರಿಸುತ್ತದೆ. ರಾಕಿಗೆ ಮೂಲವಾದ ರೆಡ್ ಹ್ಯಾಟ್ 10ರ ಸರಣಿ ಎಕ್ಸ್86-64-ವಿ3 ಮಟ್ಟದ ಸಿಪಿಯು ಕೇಳುತ್ತದೆ. ಅಂದರೆ ಸಿಪಿಯುನಲ್ಲಿ ಎವಿಎಕ್ಸ್2 ಎಂಬ ಸೂಚನಾ ಗುಚ್ಛ ಬೇಕು. ಇಂಟೆಲ್‌ನಲ್ಲಿ ಅದು ಬಂದದ್ದು 2013ರ ಹ್ಯಾಸ್‌ವೆಲ್‌ನಿಂದ, ಅಂದರೆ 4ನೇ ತಲೆಮಾರಿನಿಂದ. 3ನೇ ತಲೆಮಾರಿನಲ್ಲಿ ಇನ್‌ಸ್ಟಾಲರ್ ಜಿಲಿಬ್‌ಸಿ (ಮೂಲ ಲೈಬ್ರರಿ) ದೋಷ ತೋರಿಸಿ ನಿಂತುಬಿಡುತ್ತದೆ. ದಾರಿ ಎರಡು: ಹಳೆಯ ವಿ2 ಮಟ್ಟದ ಸಿಪಿಯುಗಳಿಗೆಂದೇ ಬೇರೆ ಐಎಸ್‌ಒ (ಇನ್‌ಸ್ಟಾಲ್ ಫೈಲ್) ಕೊಡುವ, ಅದೇ ಬಳಗದ ಆಲ್ಮಾ 10, ಇಲ್ಲವೇ 2032ರವರೆಗೆ ಬೆಂಬಲವಿರುವ ರಾಕಿ 9. ಈ ಬಳಗದ ಬಲವೇ ಹತ್ತು ವರ್ಷದ ಬಾಳಿಕೆ. ತೊಡಕು ಬರುವುದು ಯಾವ ಪ್ರೋಗ್ರಾಂ ಏನು ಮಾಡಬಹುದೆಂದು ಕಟ್ಟುಪಾಡು ಹಾಕುವ ಎಸ್‌ಇಲಿನಕ್ಸ್‌ನಲ್ಲಿ. ಎಂಜಿನ್‌ಎಕ್ಸ್ ವೆಬ್ ಸರ್ವರ್ ಹಿಂದೆ ಆ್ಯಪ್ ಇಟ್ಟರೆ 502 ದೋಷ ಬರುತ್ತದೆ, ಆ್ಯಪ್ ಲಾಗ್‌ನಲ್ಲಿ ಏನೂ ಕಾಣುವುದಿಲ್ಲ. ವೆಬ್ ಸರ್ವರ್‌ಗೆ ನೆಟ್‌ವರ್ಕ್ ಸಂಪರ್ಕ ಬಿಡುವ ಒಂದು ಬೂಲಿಯನ್ (ಆನ್-ಆಫ್ ಸೆಟ್ಟಿಂಗ್) ಆನ್ ಮಾಡಿದರೆ ಮುಗಿಯಿತು. ಅದು ಗೊತ್ತಿಲ್ಲದೆ ಮುಂದೆ ಬಂದವರು ಎಸ್‌ಇಲಿನಕ್ಸನ್ನೇ ಆಫ್ ಮಾಡಿ ಹೋಗಿರುತ್ತಾರೆ. ಸಾಫ್ಟ್‌ವೇರ್ ಮಾರಿದವರ ಬೆಂಬಲ ರೆಡ್ ಹ್ಯಾಟ್ ಬಳಗಕ್ಕೆ ಮಾತ್ರ ಎಂದು ಕರಾರಿನಲ್ಲೇ ಇದ್ದರೆ ಚರ್ಚೆ ಬೇಡ, ಇದನ್ನೇ ಹಾಕಿ.

ಅಪ್‌ಡೇಟ್ ಅರ್ಧಕ್ಕೆ ಬಂದಾಗ ಪ್ಲಗ್ ಕಿತ್ತು ನೋಡುವುದು ನಮ್ಮ ಕಡೆಯ ನಿಜವಾದ ಪರೀಕ್ಷೆ. ಡೆಬಿಯನ್, ಉಬುಂಟು ಎರಡರಲ್ಲೂ ಪ್ಯಾಕೇಜುಗಳನ್ನು ಕೂರಿಸುವ ಡಿಪಿಕೆಜಿ ಪ್ರತಿ ಹೆಜ್ಜೆಯನ್ನೂ ಡಿಸ್ಕಿಗೆ ಒತ್ತಿ ಬರೆಸುತ್ತ ಹೋಗುತ್ತದೆ. ನಿಧಾನ ಎಂದು ಬೈಸಿಕೊಳ್ಳುವುದೂ ಅದಕ್ಕೇ. ಕರೆಂಟ್ ಬಂದ ಮೇಲೆ 'ಡಿಪಿಕೆಜಿ --ಕಾನ್ಫಿಗರ್ -ಎ', ಆಮೇಲೆ 'ಆಪ್ಟ್ -ಎಫ್ ಇನ್‌ಸ್ಟಾಲ್' ಕೊಟ್ಟರೆ ಬಹುಪಾಲು ಎದ್ದು ಕೂರುತ್ತದೆ. ಹಳೆಯ ಕರ್ನಲ್ (ವ್ಯವಸ್ಥೆಯ ತಿರುಳು) ಗ್ರಬ್ ಎಂಬ ಬೂಟ್ ಪಟ್ಟಿಯಲ್ಲಿ ಉಳಿದಿರುತ್ತದೆ. ಆರ್ಚ್‌ನಲ್ಲಿ ಹಾಗಲ್ಲ. ಹೊಸ ಕರ್ನಲ್‌ನ ಮಾಡ್ಯೂಲುಗಳು (ಡ್ರೈವರ್ ತುಣುಕುಗಳು) ಬಂದು, ಬೂಟ್‌ನ ಮೊದಲ ಹೆಜ್ಜೆಗೆ ಬೇಕಾದ ಇನಿಟ್‌ರ‍್ಯಾಮ್‌ಎಫ್‌ಎಸ್ ಕಟ್ಟುವ ಮುಂಚೆ ಕರೆಂಟ್ ಹೋದರೆ ಮಷೀನು ಬೂಟ್ ಆಗುವುದಿಲ್ಲ. ಯುಎಸ್‌ಬಿಯಿಂದ ಎಬ್ಬಿಸಿ, ಕ್ರೂಟ್ ಆಜ್ಞೆಯಿಂದ ಡಿಸ್ಕಿನ ವ್ಯವಸ್ಥೆಯೊಳಗೆ ಹೊಕ್ಕು, ಆರ್ಚ್‌ನ ಪ್ಯಾಕೇಜ್ ಸಾಧನ ಪ್ಯಾಕ್‌ಮನ್ ಬಿಟ್ಟುಹೋದ ಲಾಕ್ ಫೈಲ್ ಅಳಿಸಿ, ಕರ್ನಲ್ ಪ್ಯಾಕೇಜನ್ನು ಮತ್ತೆ ಹಾಕಬೇಕು. ಗಿರಣಿಯ ಗುಮಾಸ್ತನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿ ಮಾಡಿಸುವುದು ಆಗದ ಮಾತು.

ಈ ಪರೀಕ್ಷೆಯಲ್ಲಿ ನಿಜಕ್ಕೂ ಗೆಲ್ಲುವುದು ಫೆಡೋರಾದ ಅಟಾಮಿಕ್ ಆವೃತ್ತಿಗಳು. ಹೊಸದು ಪೂರ್ತಿ ಸಿದ್ಧವಾಗುವವರೆಗೆ ಅವು ಹಳೆಯದನ್ನು ಮುಟ್ಟುವುದಿಲ್ಲ. ಆದರೆ ಫೆಡೋರಾದ ಪ್ರತಿ ಬಿಡುಗಡೆಗೆ ಬೆಂಬಲ ಸುಮಾರು 13 ತಿಂಗಳು, ಅಪ್‌ಡೇಟ್‌ಗಳ ಗಾತ್ರವೂ ದೊಡ್ಡದು. ಬದಲಾದ ಭಾಗವನ್ನಷ್ಟೇ ಇಳಿಸುವ ಡೆಲ್ಟಾ ಆರ್‌ಪಿಎಂಗಳನ್ನು ಫೆಡೋರಾ 40ರಲ್ಲೇ ಕೈಬಿಟ್ಟರು. ಹಾಟ್‌ಸ್ಪಾಟ್ ಡೇಟಾ ಅದಕ್ಕೆ ಎಲ್ಲಿಂದ ತರುವುದು?

ಇನ್ನು ವೇಬ್ರಿಡ್ಜ್. ಇಂಡಿಕೇಟರ್‌ನಿಂದ ಬರುವುದು ಆರ್‌ಎಸ್-232 ಸೀರಿಯಲ್ ಸಂಪರ್ಕ, ನಡುವೆ ಸಿಎಚ್340 ಚಿಪ್‌ನ ಅಗ್ಗದ ಯುಎಸ್‌ಬಿ ಕೇಬಲ್. ಉಬುಂಟು 22.04 ಡೆಸ್ಕ್‌ಟಾಪ್ ಇರುವ ಹಳೆಯ ಮಷೀನುಗಳಲ್ಲಿ ಈ ಕೇಬಲ್ ಚುಚ್ಚಿದರೆ ಪೋರ್ಟ್ ಕ್ಷಣಮಾತ್ರ ಕಂಡು ಮಾಯವಾಗುತ್ತದೆ. ಕರ್ನಲ್‌ನ ಲಾಗ್ ತೋರಿಸುವ ಡಿಮೆಸೆಜ್ ನೋಡಿದರೆ ಬಿಆರ್‌ಎಲ್‌ಟಿಟಿವೈ ಎಂಬ ಹೆಸರು ಸಿಗುತ್ತದೆ. ಅದು ಬ್ರೈಲ್ ಪರದೆಗಳ ಸೇವೆ, ಸಿಎಚ್340ಯನ್ನೂ ಬ್ರೈಲ್ ಸಾಧನವೆಂದೇ ಹಿಡಿದುಕೊಳ್ಳುತ್ತದೆ. ಅಲ್ಲಿ ಬ್ರೈಲ್ ಬಳಸುವವರು ಇಲ್ಲದಿದ್ದರೆ ಆ ಪ್ಯಾಕೇಜ್ ತೆಗೆದುಹಾಕಿ. ಆರ್ಚ್‌ನ ತೊಂದರೆ ಬೇರೆ ಥರದ್ದು. ಕರ್ನಲ್ ಅಪ್‌ಡೇಟ್ ಆಗಿ ರೀಬೂಟ್ ಆಗದಿದ್ದರೆ ಓಡುತ್ತಿರುವ ಕರ್ನಲ್‌ನ ಮಾಡ್ಯೂಲುಗಳು ಡಿಸ್ಕಿನಲ್ಲೇ ಇರುವುದಿಲ್ಲ. ಆಗ ಬೇರೆ ಚಿಪ್‌ನ ಕೇಬಲ್ ಹಾಕಿದರೆ ಡ್ರೈವರ್ ಲೋಡ್ ಆಗದು. ಇನ್ನೊಂದು ಸಣ್ಣ ವ್ಯತ್ಯಾಸ: ಸೀರಿಯಲ್ ಪೋರ್ಟ್ ಓದಲು ಬಳಕೆದಾರ ಡೆಬಿಯನ್, ಉಬುಂಟು, ಫೆಡೋರಾಗಳಲ್ಲಿ 'ಡಯಲ್‌ಔಟ್' ಗುಂಪಿಗೆ ಸೇರಬೇಕು, ಆರ್ಚ್‌ನಲ್ಲಿ 'ಯುಯುಸಿಪಿ'ಗೆ. ಸಿಎಚ್340ಗೆ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇರುವುದಿಲ್ಲ. ಎರಡು ಕೇಬಲ್ ಇದ್ದಲ್ಲಿ ಸಾಧನದ ಗುರುತಿನಿಂದ ಬರುವ 'ಬೈ-ಐಡಿ' ಹೆಸರು ನಂಬಬೇಡಿ, ಚುಚ್ಚಿದ ಕಿಂಡಿಯಿಂದ ಬರುವ 'ಬೈ-ಪಾತ್' ಬಳಸಿ. ಯಾವ ಕೇಬಲ್ ಯಾವ ಯುಎಸ್‌ಬಿ ಕಿಂಡಿಗೆ ಎಂದು ಮಾರ್ಕರ್‌ನಲ್ಲಿ ಬರೆದಿಡಿ.

ಉಬುಂಟು ಕೆಟ್ಟದ್ದೇನಲ್ಲ. ಪ್ರೋ ಚಂದಾ 5 ಮಷೀನುಗಳವರೆಗೆ ಉಚಿತ, ಅದರಿಂದ ಬೆಂಬಲ 10 ವರ್ಷಕ್ಕೆ ಹಿಗ್ಗುತ್ತದೆ. ಆದರೆ ಅದರ ಪ್ಯಾಕೇಜ್ ವ್ಯವಸ್ಥೆ ಸ್ನ್ಯಾಪ್ ದಿನಕ್ಕೆ 4 ಸಲ ಅಪ್‌ಡೇಟ್ ಹುಡುಕಿ ತಾನೇ ಇಳಿಸಿಕೊಳ್ಳುತ್ತದೆ. ಹಾಟ್‌ಸ್ಪಾಟ್ ಇದ್ದಲ್ಲಿ ಅದನ್ನು ತಡೆಯಲು ಮೊದಲ ದಿನವೇ 'ಸ್ನ್ಯಾಪ್ ರಿಫ್ರೆಶ್ --ಹೋಲ್ಡ್' ಕೊಟ್ಟುಬಿಡಿ.

ಕನ್ನಡದ ಮಟ್ಟಿಗೆ ಎಲ್ಲವೂ ಒಂದೇ: ಟೈಪ್ ಮಾಡಲು ಐಬಸ್, ಎಂ17ಎನ್, ಕೆಜಿಪಿ ಕೀಲಿಮಣೆ ವಿನ್ಯಾಸ. ಹಳೆಯ ನುಡಿ ಫಾಂಟಿನ ಎಕ್ಸೆಲ್ ಹಾಳೆಗಳನ್ನು ಯಾವ ಡಿಸ್ಟ್ರೋ ಕೂಡ ತಾನಾಗಿ ಯೂನಿಕೋಡ್ ಮಾಡಿಕೊಡುವುದಿಲ್ಲ. ಲೆಕ್ಕಪತ್ರಕ್ಕೆ ಟ್ಯಾಲಿ ಬೇಕೆಂದರೆ ಕೆವಿಎಂನಲ್ಲಿ (ಲಿನಕ್ಸ್ ಒಳಗಿನ ವರ್ಚುವಲ್ ಮಷೀನಿನಲ್ಲಿ) ವಿಂಡೋಸ್.

ಡೆಬಿಯನ್ 13ರಲ್ಲಿ ಕೈಕೊಡುವ ಜಾಗಗಳೂ ಇವೆ. ಇನ್‌ಸ್ಟಾಲರ್‌ನಲ್ಲಿ ರೂಟ್ ಪಾಸ್‌ವರ್ಡ್ ಕೊಟ್ಟರೆ ನಿಮ್ಮ ಬಳಕೆದಾರನಿಗೆ ಸುಡೊ (ಆಡಳಿತದ ಅಧಿಕಾರ) ಸಿಗುವುದಿಲ್ಲ, ಆ ಜಾಗ ಖಾಲಿ ಬಿಡಿ. ಟೆಂಪ್ ಫೋಲ್ಡರ್ ಈಗ ರ‍್ಯಾಮ್‌ನಲ್ಲಿದೆ, ಮಿತಿ ರ‍್ಯಾಮ್‌ನ ಅರ್ಧ. ನಮ್ಮ ಮಷೀನಿನಲ್ಲಿ ಅದು 4 ಜಿಬಿ. ಬ್ಯಾಕಪ್ ಸ್ಕ್ರಿಪ್ಟ್ ಡೇಟಾಬೇಸ್ ಡಂಪನ್ನು (ಪೂರ್ತಿ ನಕಲನ್ನು) ಅಲ್ಲೇ ಸುರಿಯುತ್ತಿದ್ದರೆ ಒಂದು ದಿನ ಜಾಗ ಸಾಲದೆ ನಿಲ್ಲುತ್ತದೆ. ಡಂಪನ್ನು 'ವಾರ್' ಫೋಲ್ಡರ್ ಕೆಳಗೆ ಬರೆಯಿಸಿ, ಇಲ್ಲವೇ ಟೆಂಪ್ ಮೌಂಟ್ ಯೂನಿಟ್ಟನ್ನು ಮಾಸ್ಕ್ ಮಾಡಿ (ಅದು ಓಡದಂತೆ ತಡೆಯಿರಿ).

ಡೆಬಿಯನ್ 12ರಿಂದ 13ಕ್ಕೆ ಏರುವಾಗ ಪೋಸ್ಟ್‌ಗ್ರೆಸ್ 15ರ ಜೊತೆಗೆ 17 ಬಂದು ಕೂರುತ್ತದೆ, ಡೇಟಾ ಮಾತ್ರ ತಾನಾಗಿ ದಾಟುವುದಿಲ್ಲ. 15 ಮೊದಲಿನಂತೆ 5432ನೇ ಪೋರ್ಟ್‌ನಲ್ಲಿ, ಖಾಲಿಯಿರುವ 17 ಮಾತ್ರ 5433ರಲ್ಲಿ. ಬ್ಯಾಕಪ್ ತೆಗೆದು, ಖಾಲಿ 17ರ ಕ್ಲಸ್ಟರನ್ನು (ಡೇಟಾಬೇಸ್‌ಗಳ ಗುಂಪನ್ನು) ಅಳಿಸಿ, 15ರ ಮೇಲೆ 'ಪಿಜಿ_ಅಪ್‌ಗ್ರೇಡ್‌ಕ್ಲಸ್ಟರ್' ಓಡಿಸಬೇಕು. ಅಳಿಸುವಾಗ ಸಂಖ್ಯೆ ಎರಡು ಸಲ ನೋಡಿ. ಇಷ್ಟನ್ನೂ ಸುಗ್ಗಿ ಮುಗಿದ ಮೇಲೆ ಇಟ್ಟುಕೊಳ್ಳಿ, ಭತ್ತದ ಲಾರಿಗಳು ಸಾಲು ನಿಂತಾಗ ಬೇಡ.

ಹೊರಡುವ ಮುಂಚೆ ಕ್ಯಾಬಿನೆಟ್ ಬಾಗಿಲ ಒಳಬದಿಗೆ ಒಂದು ಕಾಗದ ಅಂಟಿಸಿ: ಆ ಎರಡು ಡಿಪಿಕೆಜಿ, ಆಪ್ಟ್ ಸಾಲುಗಳು, ಗ್ರಬ್‌ನಲ್ಲಿ ಹಳೆಯ ಕರ್ನಲ್ ಆರಿಸುವ ಬಗೆ, ಬ್ಯಾಕಪ್ ಇರುವ ಜಾಗ, ಯುಪಿಎಸ್ ಬ್ಯಾಟರಿ ಬದಲಿಸಿದ ತಾರೀಖು.